ಕುಡಿತ ಬಿಟ್ಟವರ ಕೂಟಗಳು ಬೆಳೆದುಬಂದ ಬಗೆ

ಮದ್ಯಪಾನದ ಕೇಡನ್ನು ಕುರಿತು ಉಪದೇಶ ಮಾಡಿದವರು ಎಲ್ಲ ಕಾಲಗಳಲ್ಲಿಯೂ ಇದ್ದರು. ಆದರೆ ಆ ಉಪದೇಶ ಬಹುಮಟ್ಟಿಗೆ ಕುಡಿಯದವನ ಬಾಯಿಂದಲೇ ಹೊರಡುತ್ತಿದ್ದುದರಿಂದ, ಕೇಳಿದ ಕುಡುಕನಿಗೆ ನಾಚಿಕೆಯಾಗುತ್ತಿದ್ದಿತೇ ಹೊರತು ಧೈರ್ಯ ಬರುತ್ತಿರಲಿಲ್ಲ. ಕುಡಿದು ಕೆಟ್ಟವನೇ ಕೆಡುತ್ತಿರುವವನ ಬಳಿ ಕುಳಿತು ತನ್ನ ಕಥೆಯನ್ನು ಹೇಳಿಕೊಳ್ಳುವ ಪದ್ಧತಿ ಅಮೆರಿಕದಲ್ಲಿ ಪ್ರಸಿದ್ಧಿಗೆ ಬಂದುದು 1840ರ ಏಪ್ರಿಲ್ ತಿಂಗಳಿನಿಂದ ಈಚೆಗೆ. ಬಾಲ್ಟಿಮೋರ್ ನಗರದ ಪಾನಗೃಹವೊಂದರಲ್ಲಿ ಸೇರುತ್ತಿದ್ದ ಆರು ಮಂದಿ ಗೆಳೆಯರು ತಾವಾಗಿಯೇ ಪ್ರತಿಜ್ಞೆಗೈದು, ಜಾರ್ಜ್ ವಾಷಿಂಗ್ಟನ್ನನ ಹೆಸರಿನಲ್ಲಿ ಸಂಘವೊಂದನ್ನು ಕಟ್ಟಿದರು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಸಂಘದ ಸಭೆಯನ್ನುದ್ದೇಶಿಸಿ ಮಾತನಾಡಿದ ತರುಣ ವಕೀಲ ಅಬ್ರಹಾಂ ಲಿಂಕನ್, ಹಳೆಯ ಉಪದೇಶಕರು ಸೋತಲ್ಲಿ ಇವರು ಗೆದ್ದುದಕ್ಕೆ ಇವರ ಸ್ವಾನುಭವವೇ ಕಾರಣವೆಂದು ಸರಿಯಾಗಿಯೇ ಗುರುತಿಸಿದ್ದನು. ಆದರೆ ಆ ಸಂಘ ಬೇಗನೆ ಬಯಲಿನ ಮಹಾಸಭೆಗಳಿಗೂ ಮೆರವಣಿಗೆಗಳಿಗೂ ಪಾನನಿಷೇಧದ ರಾಜಕೀಯಕ್ಕೂ ಹೊರಳಿ, ಒಂದು ದಶಕ ತುಂಬುವ ಮೊದಲೇ ಬಹುತೇಕ ಅಳಿದುಹೋಯಿತು. ಅದರ ಜೀವವಿದ್ದುದು ನಾಲ್ಕು ಜನ ಎದುರುಬದುರು ಕೂರುವ ಕೋಣೆಯಲ್ಲಿ. ಅದು ಹುಡುಕಿಕೊಂಡು ಹೋದುದು ವೇದಿಕೆಯನ್ನು.

ಮುಂದಿನ ಪ್ರಯತ್ನ ಮೊದಲಾದುದು 1935ರ ಮೇ ತಿಂಗಳಿನಲ್ಲಿ, ಒಹಾಯೋ ರಾಜ್ಯದ ಆಕ್ರನ್ ಪಟ್ಟಣದಲ್ಲಿ. ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವು. ಬಂದ ವ್ಯವಹಾರ ಮುರಿದುಬಿದ್ದು, ಅವನು ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಏಕಾಕಿಯಾಗಿ ಅಡ್ಡಾಡುತ್ತಿದ್ದನು. ಒಂದು ಕಡೆಯಿಂದ ಪಾನಶಾಲೆಯ ಗದ್ದಲ ಕೇಳಿಬರುತ್ತಿದ್ದರೆ, ಇನ್ನೊಂದು ಕಡೆ ಊರಿನ ಚರ್ಚುಗಳ ಪಟ್ಟಿಯೂ ಟೆಲಿಫೋನೂ ಇದ್ದವು. ಪಾದ್ರಿಯೊಬ್ಬರಿಗೆ ಕರೆಮಾಡಿ, ಅವರು ಕೊಟ್ಟ ಹೆಸರುಗಳನ್ನು ಒಂದಾದಮೇಲೊಂದರಂತೆ ಪ್ರಯತ್ನಿಸಿ, ಕಡೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬಾಕೆಯ ಮೂಲಕ ಅವನು ಮರುದಿನ, ತಾನೂ ಕುಡುಕನಾಗಿದ್ದ ಶಸ್ತ್ರವೈದ್ಯ ಬಾಬ್ ಸ್ಮಿತ್ತನನ್ನು ಕಂಡನು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಲಾರೆನೆಂದು ಬಂದ ವೈದ್ಯನು ಎದ್ದುದು ರಾತ್ರಿ ಹನ್ನೊಂದು ಕಳೆದ ಮೇಲೆ. ವಿಲ್ಸನ್ನನು ಆ ಕರೆ ಮಾಡಿದುದು ಪರೋಪಕಾರಕ್ಕಾಗಿ ಅಲ್ಲ, ತಾನು ಕುಡಿಯದೆ ಉಳಿಯಬೇಕಾದರೆ ಇನ್ನೊಬ್ಬ ಕುಡುಕನೊಡನೆ ಮಾತನಾಡಲೇಬೇಕೆಂಬ ಸ್ವಾರ್ಥದಿಂದ. ಈ ಸ್ವಾರ್ಥವೇ ಇಂತಹ ಕೂಟಗಳ ತಳಹದಿಯೆಂದು ನನ್ನ ತಿಳಿವು. ಸ್ಮಿತ್ ಕೊನೆಯ ಸಲ ಕುಡಿದನೆಂದು ಹೇಳಲಾಗುವ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಸ್ಥೆ ತನ್ನ ಜನ್ಮದಿನವೆಂದು ಆಚರಿಸುತ್ತದೆ.

1939ರಲ್ಲಿ, ಕುಡಿತದಿಂದ ಬಿಡುಗಡೆಗೆ ಹನ್ನೆರಡು ಮೆಟ್ಟಿಲುಗಳನ್ನು ಹೇಳುವ ಈ ಸಂಸ್ಥೆಯ ಗ್ರಂಥ ಪ್ರಕಟವಾಯಿತು. ಆದರೂ ಬಹುಮಂದಿಗೆ ದಾರಿ ತೋರಿದುದು 1941ರ ಮಾರ್ಚಿನಲ್ಲಿ ‘ಸ್ಯಾಟರ್‌ಡೇ ಈವನಿಂಗ್ ಪೋಸ್ಟ್’ ಪತ್ರಿಕೆಗೆ ಜ್ಯಾಕ್ ಅಲೆಗ್ಸಾಂಡರ್ ಬರೆದ ಲೇಖನ. ಸುಮಾರು ಎರಡು ಸಾವಿರವಿದ್ದ ಸದಸ್ಯರ ಸಂಖ್ಯೆ ಆ ವರ್ಷದ ಕೊನೆಗೆ ಎಂಟು ಸಾವಿರಕ್ಕೆ ಏರಿತು. ಸಂಸ್ಥೆಯ ನ್ಯೂಯಾರ್ಕಿನ ಸಣ್ಣ ಕಚೇರಿಗೆ ಬಂದುಬಿದ್ದ ಕಾಗದಗಳಿಗೆ ಉತ್ತರ ಹೋಗುತ್ತಿತ್ತು. ವ್ಯಾಪಾರಕ್ಕಾಗಿ ಊರೂರು ತಿರುಗುವ ಸದಸ್ಯರು ಕಾಗದ ಬರೆದವರ ವಿಳಾಸಗಳನ್ನು ಕಿಸೆಯಲ್ಲಿಟ್ಟುಕೊಂಡು ಹೊರಡುತ್ತಿದ್ದರು. ಹೀಗೆ ಬೆಳೆದ ಗುಂಪುಗಳು ಬಾಲ್ಟಿಮೋರಿನ ಹಳೆಯ ಸಂಘದಂತೆ ಚದುರಿಹೋಗದಿರಲೆಂದು 1950ರಲ್ಲಿ ಹನ್ನೆರಡು ಸಂಪ್ರದಾಯಗಳು ಅಂಗೀಕೃತವಾದವು: ಹೆಸರು ಗೋಪ್ಯ, ಹೊರಗಿನ ವಿವಾದ ವರ್ಜ್ಯ, ಹೊರಗಿನ ಹಣ ಬೇಡ, ಕುಡಿತ ಬಿಡುವ ಇಚ್ಛೆಯೊಂದೇ ಪ್ರವೇಶಕ್ಕೆ ಸಾಕು. ಕುಡುಕರ ಮನೆಯವರಿಗಾಗಿ ವಿಲ್ಸನ್ನನ ಪತ್ನಿ ಲೋಯಿಸ್ ಮೊದಲಾದವರು 1951ರಲ್ಲಿ ಅಲ್-ಅನಾನ್ ಕೂಟವನ್ನು ಕಟ್ಟಿದರು.

ಹೊಸಬನಿಗೆ ಕೂಟವನ್ನು ಹುಡುಕುವುದಕ್ಕಿಂತ ಅದರ ಹೊಸ್ತಿಲು ದಾಟುವುದೇ ಕಷ್ಟ. ಬಹುಶಃ ಶಾಲೆಯದೋ ಚರ್ಚಿನದೋ ಕೋಣೆ. ಸುತ್ತಲೂ ಕುರ್ಚಿ, ಒಂದು ಮೂಲೆಯಲ್ಲಿ ಚಹಾ. ಬರಿಯ ಹೆಸರು ಹೇಳಿದರಾಯಿತು, ಊರುಕೇರಿ ಯಾರೂ ಕೇಳರು. ಮಾತನಾಡಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಕೂತಿರಬಹುದು. ಒಬ್ಬನು ಹೇಳುತ್ತಿರುವಾಗ ಮತ್ತೊಬ್ಬನು ನಡುವೆ ಬಾಯಿಹಾಕಿ ಬುದ್ಧಿ ಹೇಳುವಂತಿಲ್ಲ. ಇಬ್ಬರು ಸೇರಿದಲ್ಲಿ ಮೂರು ಸಲಹೆ ಹುಟ್ಟುವ ನಮ್ಮ ನಾಡಿನವರಿಗೆ ಇದೊಂದು ಕಠಿಣ ವ್ರತವೇ ಸರಿ. ತೆರೆದ ಸಭೆಗೆ ಮನೆಯವರೂ ಬರಬಹುದು. ಮುಚ್ಚಿದ ಸಭೆ ವ್ಯಸನಿಗಳಿಗೆ ಮಾತ್ರ. ಆದರೆ ದೀರ್ಘಕಾಲ ಕುಡಿದವನು ಥಟ್ಟನೆ ನಿಲ್ಲಿಸಿದರೆ ನಡುಕ, ಸೆಳವು, ಸನ್ನಿಗಳು ತಗುಲಿ ಪ್ರಾಣಾಪಾಯವೂ ಉಂಟಾಗಬಹುದಾದುದರಿಂದ, ಅಂಥವನು ಮೊದಲು ಕಾಣಬೇಕಾದವರು ವೈದ್ಯರು. ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಕಡೆ ಅದಕ್ಕೆಂದೇ ವಿಭಾಗವಿದೆ.

ಭಾರತಕ್ಕೆ ಆಲ್ಕೊಹಾಲಿಕ್ಸ್ ಅನಾನಿಮಸ್ ಕಾಲಿಟ್ಟುದು 1957ರಲ್ಲಿ, ದೆಹಲಿಯಲ್ಲಿ. ಕರ್ನಾಟಕದಲ್ಲಿ ಇದರ ಜೊತೆಗೆ ಬೇರೊಂದು ಧಾರೆಯೂ ಹರಿದಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ಹಳ್ಳಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರಗಳು ನಡೆದು, ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಾಗಿ ಕೂಡುತ್ತಾರೆ. ಆಕ್ರನ್ನಿನ ಪರಂಪರೆ ಹೆಸರನ್ನು ಮರೆಮಾಡುತ್ತದೆ. ಇಲ್ಲಿ ಎಲ್ಲವೂ ಊರವರೆದುರು, ಹೆಂಡತಿಮಕ್ಕಳ ಸಮಕ್ಷಮ. ಯಾರು ಕುಡಿಯುತ್ತಾರೆಂಬುದು ಬಾವಿಕಟ್ಟೆಯಲ್ಲೆಲ್ಲ ತಿಳಿದಿರುವ ಹಳ್ಳಿಯಲ್ಲಿ ಗೋಪ್ಯತೆಗೆ ಅರ್ಥವಾದರೂ ಏನು? ಆದರೆ ನೌಕರಿಗೆ ಅಂಜುವ ಪಟ್ಟಣಿಗನಿಗೆ ಮೊದಲನೆಯ ದಾರಿಯೇ ಒಪ್ಪುತ್ತದೆ.

ಹನ್ನೆರಡು ಮೆಟ್ಟಿಲುಗಳಲ್ಲಿ ಬರುವ ದೈವದ ಮಾತು ರುಚಿಸದವರಿಗಾಗಿ 1994ರಲ್ಲಿ ಸ್ಮಾರ್ಟ್ ರಿಕವರಿ ಎಂಬ ಸಂಸ್ಥೆ ಸ್ಥಾಪಿತವಾಯಿತು. ಸ್ತ್ರೀಯರಿಗೆ ಮೀಸಲಾದ ಕೂಟಗಳು ಅದಕ್ಕೂ ಮುಂಚಿನವು. ವಿದ್ವಾಂಸರು ಬಹುಕಾಲ ಈ ಕೂಟಗಳ ಫಲವನ್ನು ಶಂಕಿಸಿದ್ದರು. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕೊಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನೂ 10,565 ಮಂದಿಯ ವೃತ್ತಾಂತವನ್ನೂ ತೂಗಿನೋಡಿ, ವಿಧಿವತ್ತಾಗಿ ಈ ಕೂಟಗಳಿಗೆ ಸೇರಿಸುವ ಚಿಕಿತ್ಸೆ ಪೂರ್ಣ ಪಾನತ್ಯಾಗದ ವಿಷಯದಲ್ಲಿ ಇತರ ಪ್ರತಿಷ್ಠಿತ ಚಿಕಿತ್ಸೆಗಳಿಗಿಂತ ಮೇಲೆನಿಸಿತೆಂದು ಹೇಳಿತು. ಅದೇ ವರ್ಷ ಮಹಾಮಾರಿಯಿಂದ ಕೋಣೆಗಳಿಗೆ ಬೀಗ ಬಿದ್ದಾಗ ಸಭೆಗಳು ಫೋನಿಗೂ ಜೂಮಿಗೂ ಸ್ಥಳಾಂತರಗೊಂಡವು. ಬೀಗ ತೆಗೆದ ಮೇಲೂ ಅವುಗಳಲ್ಲಿ ಅನೇಕವು ನಿಲ್ಲಲಿಲ್ಲ. ಸಂಜೆ ಮನೆಬಿಟ್ಟು ಹೊರಡಲಾಗದ ಹೆಣ್ಣುಮಕ್ಕಳೂ ಸಮೀಪದಲ್ಲಿ ಕೂಟವಿಲ್ಲದ ಊರಿನವರೂ ಇಂದು ಆ ಮಾರ್ಗದಿಂದಲೇ ಸಭೆಗೆ ಬರಬಹುದಾಗಿದೆ.