ನೀಲಿಯಿಂದ ಹೊರಟ ಹೂವಿನ ಹೆಸರು

ಲೈಲಾಕ್

ಸೀರೆ ಅಂಗಡಿಯಲ್ಲಿ ಇದು ತಿಳಿ ನೇರಳೆಯ ಹೆಸರು, ಸೋಪಿನ ಹೊದಿಕೆಯ ಮೇಲೆ ಪರಿಮಳದ ಹೆಸರು. ಕೇಳಲು ಪರಕೀಯ, ಆದರೆ ಬೇರು ನಮಗೆ ತೀರ ಹತ್ತಿರದ್ದು. ಸಂಸ್ಕೃತದ 'ನೀಲ' ಪರ್ಶಿಯನ್‌ನಲ್ಲಿ 'ನೀಲಕ್' ಆಯಿತು, ಅಂದರೆ ನಸುನೀಲಿ. ಮೊದಲಿನ ನಕಾರ ಮುಂದಿನ ಲಕಾರಕ್ಕೆ ಸೋತು 'ಲೀಲಕ್' ಎಂದಾಗಿ, ಅರಬ್ಬಿ, ಸ್ಪ್ಯಾನಿಷ್, ಫ್ರೆಂಚ್ ದಾಟಿ ಇಂಗ್ಲಿಷ್ ಸೇರಿತು. ನಮ್ಮ ನೀಲಿಗೂ ನೀಲಕಂಠನಿಗೂ ಇದು ದೂರದ ನೆಂಟ. ಹೂವಿನ ಹೆಸರು ಬಣ್ಣಕ್ಕೆ ಅಂಟಿದ್ದು ಆಮೇಲೆ.

ಗಿಡದ ತವರು ಬಾಲ್ಕನ್ ಬೆಟ್ಟಗಳು. 16ನೇ ಶತಮಾನದಲ್ಲಿ ಇಸ್ತಾಂಬುಲ್‌ನ ತೋಟಗಳಿಂದ ವಿಯೆನ್ನಾಗೆ ಬಂತು. ಶಾಸ್ತ್ರೀಯ ಹೆಸರು ಸಿರಿಂಗಾ. ಕೊಳವೆ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಆಸ್ಪತ್ರೆಯ ಸಿರಿಂಜ್ ಕೂಡ ಅದೇ ಮನೆಯದು.

ನಮ್ಮಲ್ಲಿ ಈ ಹೆಸರು ದಾರಿ ತಪ್ಪುವುದು ಬೇರೆ ಗಿಡಗಳ ಮೇಲೆ. 'ಪರ್ಶಿಯನ್ ಲೈಲಾಕ್' ಎಂದು ಕರೆಯುವ ಮರ ನಮ್ಮ ಹುಚ್ಚುಬೇವು. 'ಇಂಡಿಯನ್ ಲೈಲಾಕ್' ಎಂದು ಮಾರುವುದು ಹಲವು ಸಲ ಸುಕ್ಕು ಎಸಳಿನ ಕ್ರೇಪ್ ಮರ್ಟಲ್. ನಿಜವಾದ ಲೈಲಾಕ್ ಗುರುತಿಸುವುದು ಸುಲಭ: ಎದುರುಬದುರಾಗಿ ಹೃದಯಾಕಾರದ ಎಲೆ, ಗೊಂಚಲಲ್ಲಿ ನಾಲ್ಕೆಸಳಿನ ಪುಟ್ಟ ಕೊಳವೆ ಹೂ, ಗಾಢ ಪರಿಮಳ. ಚಳಿಗಾಲದ ದೀರ್ಘ ಶೀತವಿಲ್ಲದೆ ಇದು ಚೆನ್ನಾಗಿ ಹೂಬಿಡದು. ಹಾಗಾಗಿ ಬೆಂಗಳೂರಿನ ಅಂಗಳಕ್ಕೆ ಆಸೆಪಟ್ಟು ತರುವವರಿಗೆ ಬೇಡವೆನ್ನುತ್ತೇನೆ. ಇದರ ಬಂಧು ಹಿಮಾಲಯನ್ ಲೈಲಾಕ್ ನೋಡಬೇಕೆಂದರೆ ಹಿಮಾಲಯದ ಎತ್ತರಕ್ಕೇ ಹೋಗಬೇಕು.