ಮುಖ ಓದುವ ವಿದ್ಯೆ

"ನನಗೇನೂ ಆಗಿಲ್ಲ" ಎಂದು ಗೆಳೆಯನೊಬ್ಬ ಹೇಳುತ್ತಾನೆ; ಅವನ ಕಣ್ಣು ಬೇರೆಯೇ ಮಾತು ಹೇಳುತ್ತಿರುತ್ತದೆ. ಇದನ್ನು ಗುರುತಿಸುವ ವಿದ್ಯೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಎದುರುಬದುರು ಕೂತು, ಜಗಳವಾಡಿ, ರಾಜಿಯಾಗಿ ನಾವದನ್ನು ಕಲಿಯುತ್ತೇವೆ. ಪರದೆಯ ಮುಂದೆ ಬೆಳೆಯುವ ತಲೆಮಾರು ಇದನ್ನು ಕಳೆದುಕೊಳ್ಳುತ್ತಿದೆಯೇ? ಈ ಪ್ರಶ್ನೆಗೂ ಒಂದು ಚರಿತ್ರೆಯುಂಟು.

1990ರ ದಶಕದ ಮಧ್ಯದಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಕ್ರಾಟ್ ಮತ್ತು ಸಂಗಡಿಗರು 73 ಮನೆಗಳಿಗೆ ಕಂಪ್ಯೂಟರ್ ಹಾಗೂ ಇಂಟರ್ನೆಟ್ ಒದಗಿಸಿ, 169 ಮಂದಿಯನ್ನು ಒಂದೆರಡು ವರ್ಷ ಗಮನಿಸಿದರು. 1998ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಕಳವಳಕಾರಿಯಾಗಿತ್ತು. ಇಂಟರ್ನೆಟ್ ಹೆಚ್ಚು ಬಳಸಿದವರಲ್ಲಿ ಮನೆಮಂದಿಯೊಡನೆ ಮಾತು ತುಸು ಕಡಿಮೆಯಾಗಿತ್ತು. ಒಂಟಿತನ ತುಸು ಹೆಚ್ಚಿತ್ತು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ದುಷ್ಪರಿಣಾಮಗಳು ಬಹುಮಟ್ಟಿಗೆ ಮರೆಯಾಗಿವೆ ಎಂದು 2002ರಲ್ಲಿ ಅದೇ ತಂಡ ತಿಳಿಸಿತು. ಹೊಸದಾಗಿ ಆಯ್ದವರಲ್ಲಿ ಇನ್ನೊಂದು ಸಂಗತಿ ಕಂಡಿತು: ಜನರೊಡನೆ ಸುಲಭವಾಗಿ ಬೆರೆಯುವವರಿಗೆ ಇಂಟರ್ನೆಟ್‌ನಿಂದ ಲಾಭ, ಸಂಕೋಚದವರಿಗೆ ನಷ್ಟ. ಉಳ್ಳವನಿಗೇ ಇನ್ನಷ್ಟು ಎಂಬಂತೆ!

2004ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳ ನಡುವೆ ಹುಟ್ಟಿದ ಫೇಸ್‌ಬುಕ್, 2006ರಲ್ಲಿ 13 ವರ್ಷ ತುಂಬಿದವರಿಗೆಲ್ಲ ಬಾಗಿಲು ತೆರೆಯಿತು. ಹದಿಹರೆಯದವರ ಸ್ನೇಹ ಕ್ರಮೇಣ ಅಂಗೈಯೊಳಗಿನ ಪರದೆಗೆ ಬಂತು. 2014ರಲ್ಲಿ ಲಾಸ್ ಏಂಜಲಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಾಲ್ಡಾ ಉಲ್ಸ್, ಪೆಟ್ರಿಷಿಯಾ ಗ್ರೀನ್‌ಫೀಲ್ಡ್ ಮೊದಲಾದವರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರನೇ ತರಗತಿಯ 51 ಮಕ್ಕಳು ಪರದೆಯಿಲ್ಲದ ನಿಸರ್ಗ ಶಿಬಿರದಲ್ಲಿ 5 ದಿನ ಕಳೆದರು. 54 ಮಕ್ಕಳು ಎಂದಿನಂತೆ ಇದ್ದರು. ಮುಖಗಳ ಚಿತ್ರ, ಮೂಕ ದೃಶ್ಯಗಳನ್ನು ತೋರಿಸಿ ಭಾವನೆ ಗುರುತಿಸಲು ಹೇಳಿದಾಗ, ಶಿಬಿರದ ಮಕ್ಕಳೇ ಹೆಚ್ಚು ಸುಧಾರಿಸಿದ್ದರು.

ಇಲ್ಲಿ ಅವಸರದ ತೀರ್ಮಾನ ಬೇಡ. ಸುಧಾರಣೆಗೆ ಕಾರಣ ಪರದೆ ಇಲ್ಲದಿದ್ದುದೋ, ದಿನವಿಡೀ ಗೆಳೆಯರೊಡನೆ ಇದ್ದುದೋ, ಕಾಡಿನ ಗಾಳಿಯೋ ಎಂದು ಈ ಪ್ರಯೋಗ ಬಿಡಿಸಿ ಹೇಳುವುದಿಲ್ಲ. ಹೇಳುವುದು ಇಷ್ಟು: ಮುಖ ಓದುವ ವಿದ್ಯೆ ಬೇಗ ಚಿಗುರಬಲ್ಲದು. ಸಂಕೋಚದ ಸ್ವಭಾವದವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಪರದೆ ನಿಮಗೆ ಅಡಗುತಾಣವಾಗಬಹುದು. ಆದರೆ ಅಭ್ಯಾಸ ಅತ್ಯಗತ್ಯವಾಗಿರುವುದು ನಿಮಗೇ.

ಇಂದು ಗೆಳೆಯನಿಗೆ ಸಂದೇಶ ಕಳಿಸುವ ಮುನ್ನ, ಅವನ ಮನೆ ಹತ್ತಿರವಿದ್ದರೆ, ಒಮ್ಮೆ ಹೋಗಿ ಬಾಗಿಲು ತಟ್ಟಿ ನೋಡಿ.