ಪದಸಾಹಚರ್ಯ: ಇಂಗ್ಲಿಷಿನ ಜೊತೆಗಾರ ಪದಗಳು

ಒಂದು ಭಾಷೆಯ ಕೆಲವು ಪದಗಳು ಬರಿಯ ಬಳಕೆಯ ಬಲದಿಂದ ಒಂದಕ್ಕೊಂದು ಅಂಟಿಕೊಂಡು ಬರುವುದನ್ನು ಪದಸಾಹಚರ್ಯ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಇದರ ಹೆಸರು ಕಾಲೊಕೇಶನ್. ಇಂಗ್ಲಿಷ್ ಆಡುವವರಿಗೆ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ಚಹಾ ಕೂಡ ‘ಸ್ಟ್ರಾಂಗ್’, ಆದರೆ ಕಾರು ‘ಪವರ್‌ಫುಲ್’. ‘ಪವರ್‌ಫುಲ್ ಟೀ’ ಎಂದರೆ ವ್ಯಾಕರಣಕ್ಕೆ ಧಕ್ಕೆಯಿಲ್ಲ, ಅರ್ಥವೂ ಆಗುತ್ತದೆ. ಹಾಗೆ ಯಾರೂ ಅನ್ನುವುದಿಲ್ಲ, ಅಷ್ಟೇ. ನುಡಿಗಟ್ಟಿಗೂ ಇದಕ್ಕೂ ವ್ಯತ್ಯಾಸವಿದೆ. ‘ಕೈಕೊಟ್ಟ’ ಎಂದಾಗ ಕೈ, ಕೊಡು ಎರಡೂ ತಮ್ಮ ಅರ್ಥ ಬಿಟ್ಟು ಬೇರೇನನ್ನೋ ಹೇಳುತ್ತವೆ. ಪದಸಾಹಚರ್ಯದಲ್ಲಿ ಅರ್ಥ ನೇರ, ಜೊತೆ ಮಾತ್ರ ನಿಗದಿ.

ಕನ್ನಡಿಗರು ಇದನ್ನು ಅರಿಯಲು ಅಡುಗೆಮನೆಗೆ ಹೋದರೆ ಸಾಕು. ರೊಟ್ಟಿ ತಟ್ಟುತ್ತಾರೆ, ಚಪಾತಿ ಲಟ್ಟಿಸುತ್ತಾರೆ, ದೋಸೆ ಹೊಯ್ಯುತ್ತಾರೆ, ಶಾವಿಗೆ ಒತ್ತುತ್ತಾರೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಬಡಿಯುತ್ತಾರೆ. ಬಾವಿಯಿಂದಾದರೆ ನೀರು ಸೇದುವುದು, ಗದ್ದೆಗಾದರೆ ಹಾಯಿಸುವುದು. ಇದನ್ನು ಯಾವ ಮೇಷ್ಟರೂ ಯಾರಿಗೂ ಕಲಿಸಿಲ್ಲ. ‘ದೋಸೆ ಲಟ್ಟಿಸಿದೆ’ ಎಂದು ಹೊರಗಿನವರೊಬ್ಬರು ಅಂದಾಗಲೇ ಇಲ್ಲೊಂದು ಕಟ್ಟುಪಾಡಿದೆ ಎಂಬುದು ಕಿವಿಗೆ ತಾಗುತ್ತದೆ.

ಇಂಗ್ಲಿಷಿನ ಈ ಜೋಡಿಗಳನ್ನು ಕಲಿಯುವವರಿಗಾಗಿ ಮೊದಲು ಶ್ರದ್ಧೆಯಿಂದ ಕಲೆಹಾಕಿದ ಕೆಲಸಗಳಲ್ಲೊಂದು ನಡೆದದ್ದು ಇಂಗ್ಲೆಂಡಿನಲ್ಲಲ್ಲ, ಜಪಾನಿನಲ್ಲಿ. ತಾಯ್ನುಡಿಯವರಿಗೆ ಕಾಣದ್ದು ಕಲಿಯುವವರಿಗೆ ಎಡವಿದಾಗ ಕಾಣುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. 1922ರಲ್ಲಿ ಟೋಕಿಯೋಗೆ ಹೋದ ಹೆರಾಲ್ಡ್ ಪಾಮರ್ ಮರುವರ್ಷ ಅಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. 1933ರಲ್ಲಿ ಪದಸಾಹಚರ್ಯಗಳ ಬಗ್ಗೆಯೇ ಒಂದು ವರದಿ ಪ್ರಕಟಿಸಿದರು. ಆ ಕೆಲಸದಲ್ಲಿ ಜೊತೆಗಿದ್ದ ಎ. ಎಸ್. ಹಾರ್ನ್‌ಬಿ ಮುಂದೆ ಇಬ್ಬರು ಸಂಗಡಿಗರೊಂದಿಗೆ ಕಲಿಯುವವರ ನಿಘಂಟೊಂದನ್ನು ರಚಿಸಿದರು. ಯುದ್ಧದ ನಡುವೆ, 1942ರಲ್ಲಿ, ಅದು ಜಪಾನಿನಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ಕಾಣುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ.

ಕಾಲೊಕೇಶನ್ ಎಂಬುದನ್ನು ಭಾಷಾವಿಜ್ಞಾನದ ಪರಿಕಲ್ಪನೆಯಾಗಿ ನೆಲೆಗೊಳಿಸಿದವರು ಜೆ. ಆರ್. ಫರ್ತ್. ಲಂಡನ್ನಿಗೆ ಹೋಗುವ ಮೊದಲು ಅವರು ಸುಮಾರು ಒಂಬತ್ತು ವರ್ಷ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದ್ದರು. ಪದದ ಅರ್ಥದ ಒಂದು ಪಾಲು ಅದರ ಒಡನಾಟದಲ್ಲಿಯೇ ಇದೆ ಎಂಬುದು 1950ರ ದಶಕದಲ್ಲಿ ಅವರು ಮಂಡಿಸಿದ ವಿಚಾರ. ಚಹಾ ಮತ್ತು ಕಾರಿನ ಉದಾಹರಣೆ ಅವರ ಶಿಷ್ಯ ಮೈಕೆಲ್ ಹ್ಯಾಲಿಡೇ ಅವರದು. ಬರ್ಮಿಂಗ್‌ಹ್ಯಾಮಿನ ಜಾನ್ ಸಿಂಕ್ಲೇರ್ ಪದಸಾಹಚರ್ಯದ ಅಧ್ಯಯನವನ್ನು ಕಂಪ್ಯೂಟರಿಗೆ ಒಯ್ದರು. ಲಕ್ಷಗಟ್ಟಲೆ ಪದಗಳ ನಿಜವಾದ ಬರಹ, ಮಾತುಗಳನ್ನು ರಾಶಿ ಹಾಕಿ, ಯಾವ ಪದದ ಆಚೀಚೆ ಯಾವುದು ಬರುತ್ತದೆಂದು ಎಣಿಸಿ, 1987ರಲ್ಲಿ ಕೋಬಿಲ್ಡ್ ನಿಘಂಟನ್ನು ಹೊರತಂದರು. ಇಂಥದೇ ಬರಹ, ಮಾತುಗಳ ರಾಶಿಯಾದ, 1994ರಲ್ಲಿ ಮುಗಿದ ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳಿವೆ.

ನಿರರ್ಗಳತೆಗೂ ಪದಸಾಹಚರ್ಯಕ್ಕೂ ಇರುವ ನಂಟನ್ನು ಆಂಡ್ರ್ಯೂ ಪಾಲಿ ಮತ್ತು ಫ್ರಾನ್ಸಿಸ್ ಸೈಡರ್ 1983ರ ಪ್ರಬಂಧವೊಂದರಲ್ಲಿ ತೋರಿಸಿದರು. ಮಾತಾಡುವ ಹೊತ್ತಿನಲ್ಲಿ ಯಾರೂ ಒಂದೊಂದೇ ಪದ ಹೆಕ್ಕಿ ವಾಕ್ಯ ಹೆಣೆಯುತ್ತ ಕೂರುವುದಿಲ್ಲ. ಅಷ್ಟು ಸಮಯವೇ ಇರುವುದಿಲ್ಲ. ತಾಯ್ನುಡಿಯವರ ನೆನಪಿನಲ್ಲಿ ಸಿದ್ಧ ಕಟ್ಟುಗಳು ಲಕ್ಷಗಟ್ಟಲೆ ಇರುತ್ತವೆ ಎಂದು ಅವರು ವಾದಿಸಿದರು. ಹೂ ಕಟ್ಟಿಟ್ಟಿದ್ದವರು ಮೊಳ ಅಳೆದು ಕೊಡುತ್ತಾರೆ, ಬಿಡಿ ಹೂ ಹಿಡಿದವರು ಗಿರಾಕಿಯನ್ನು ಕಾಯಿಸುತ್ತಾರೆ.

ಕಷ್ಟದ ಪದ ಗೊತ್ತಿಲ್ಲದೆ ಇಂಗ್ಲಿಷ್ ತಡವರಿಸುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನಿಜವಾದ ತೊಡಕಿರುವುದು ಅತಿ ಸುಲಭದ ಕ್ರಿಯಾಪದಗಳಲ್ಲಿ. ಕನ್ನಡದ ‘ಮಾಡು’ ಒಂದೇ ನೂರು ಕೆಲಸಕ್ಕೆ ಒದಗುತ್ತದೆ. ಇಂಗ್ಲಿಷ್ ಅದನ್ನು ಹಲವರಿಗೆ ಹಂಚಿದೆ. ಹೋಮ್‌ವರ್ಕ್ ಮಾಡುವುದು ‘ಡೂ’, ತಪ್ಪು ಮಾಡುವುದು ‘ಮೇಕ್’, ಊಟ ಮಾಡುವುದು ‘ಹ್ಯಾವ್’, ಕೊಲೆ ಮಾಡುವುದು ‘ಕಮಿಟ್’. ಸಾಲ ಮಾಡಿದರೆ ‘ಟೇಕ್ ಔಟ್ ಎ ಲೋನ್’. ಸ್ನಾನಕ್ಕೆ ಬ್ರಿಟಿಷರು ಹೆಚ್ಚಾಗಿ ‘ಹ್ಯಾವ್’ ಎನ್ನುತ್ತಾರೆ, ಅಮೆರಿಕನ್ನರು ‘ಟೇಕ್’. ‘ಕೊಡು’ ಕೂಡ ಹೀಗೆಯೇ: ನಾವು ಗಮನ ಕೊಡುತ್ತೇವೆ, ಭೇಟಿ ಕೊಡುತ್ತೇವೆ, ಇಂಗ್ಲಿಷಿನಲ್ಲಿ ಎರಡಕ್ಕೂ ‘ಪೇ’. ಫ್ಯಾನ್ ಹಾಕು ಎನ್ನುವ ಅಭ್ಯಾಸದಿಂದ ‘ಪುಟ್ ದ ಫ್ಯಾನ್’, ಜ್ವರ ಬಂದಿದೆ ಎನ್ನುವುದರಿಂದ ‘ಫೀವರ್ ಹ್ಯಾಸ್ ಕಮ್’ ಹುಟ್ಟುತ್ತವೆ. ಇಂಗ್ಲಿಷಿನ ರೂಢಿಯಲ್ಲಿ ಅವು ‘ಟರ್ನ್ ಆನ್ ದ ಫ್ಯಾನ್’, ‘ಹ್ಯಾವ್ ಎ ಫೀವರ್’.

ತಾಯ್ನುಡಿಯ ಈ ನೆರಳು ಕನ್ನಡಿಗರ ಮೇಲಷ್ಟೇ ಬಿದ್ದಿಲ್ಲ. ಮುಂದುವರಿದ ಹಂತದ ಜರ್ಮನ್ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು ಪರಿಶೀಲಿಸಿದ ನಾಡ್ಯಾ ನೆಸ್ಸಲ್‌ಹಾಫ್, ಕ್ರಿಯಾಪದ–ನಾಮಪದ ಜೋಡಿಗಳ ತಪ್ಪುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಜರ್ಮನ್ ಕಾರಣ ಎಂದು ಕಂಡರು.

ಹಾಗೆಂದು ಬ್ರಿಟನ್ನಿನಲ್ಲಿ ಇಲ್ಲದ್ದೆಲ್ಲ ತಪ್ಪಲ್ಲ. ‘ರೈಟ್ ಎನ್ ಎಕ್ಸಾಮ್’ ನಮ್ಮ ‘ಪರೀಕ್ಷೆ ಬರೆ’ಯ ಪಡಿಯಚ್ಚಿನಂತಿದೆ, ಲಂಡನ್ನಿನಲ್ಲಿ ‘ಸಿಟ್’ ಅಥವಾ ‘ಟೇಕ್’ ಎಂದಾರು. ಆದರೆ ಕೆನಡಾದವರೂ ಪರೀಕ್ಷೆಯನ್ನು ಬರೆಯುತ್ತಾರೆ. ತಲೆಸ್ನಾನಕ್ಕೆ ‘ಹೆಡ್ ಬಾತ್’ ಎನ್ನುವುದು ಭಾರತೀಯ ಇಂಗ್ಲಿಷಿನ ಸಹಜ ಜೋಡಿ. ಬೆಂಗಳೂರಿನಲ್ಲಿ ಅದನ್ನು ತಿದ್ದಬೇಕಿಲ್ಲ. ಹೊರದೇಶದ ಗೆಳೆಯರಿಗೆ ಹೇಳುವಾಗ ‘ವಾಶ್ ಮೈ ಹೇರ್’ ಎಂದರೆ ಬೇಗ ತಿಳಿಯುತ್ತದೆ.

ಕಲಿಕೆಯ ದಾರಿ ಸರಳವಾದರೂ ನಿಧಾನದ್ದು. ಹೊಸ ನಾಮಪದವನ್ನು ಒಂಟಿಯಾಗಿ ಬರೆದುಕೊಳ್ಳದೆ ಜೊತೆಗಾರನ ಸಮೇತ ಬರೆಯುವುದು ಮೊದಲ ಹೆಜ್ಜೆ: ‘ಡಿಸಿಶನ್’ ಅಲ್ಲ, ‘ಮೇಕ್ ಎ ಡಿಸಿಶನ್’. ನಡುವಿನ ‘ಎ’ ಕೂಡ ಕಟ್ಟಿನ ಭಾಗ. ಉಪಸರ್ಗಗಳೂ ಹಾಗೆಯೇ: ‘ಡಿಪೆಂಡ್’ ಜೊತೆ ‘ಆನ್’ ಬರಬೇಕು, ‘ಡಿಸ್ಕಸ್’ ಜೊತೆ ‘ಅಬೌಟ್’ ಬರಬಾರದು. ಅನುಮಾನವಿದ್ದಾಗ 2002ರಲ್ಲಿ ಮೊದಲು ಬಂದ ಆಕ್ಸ್‌ಫರ್ಡಿನ ಕಾಲೊಕೇಶನ್ ನಿಘಂಟನ್ನು ತೆರೆಯಬಹುದು. ಅಲ್ಲಿ ಹುಡುಕಾಟ ನಾಮಪದದಿಂದ ಶುರುವಾಗುವುದು ಒಳ್ಳೆಯದು, ಏಕೆಂದರೆ ಹೇಳಬೇಕಾದ ವಿಷಯ ಮೊದಲು ಮನಸ್ಸಿಗೆ ಬರುವುದು ನಾಮಪದವಾಗಿಯೇ. ‘ರೇನ್’ ಎಂಬಲ್ಲಿ ನೋಡಿದರೆ ‘ಹೆವಿ’ ಸಿಗುತ್ತದೆ. ‘ಹೆವಿ’ ಎಂಬಲ್ಲಿಂದ ಹೊರಟವರಿಗೆ ಮಳೆಯವರೆಗೆ ದಾರಿ ದೂರ.